ನೀರಿದೆ ಸರಿ, ಯಾರದು?

ಮನೆ ಹುಡುಕೋಕೆ ಶುರು ಮಾಡಿದ ಸಾಫ್ಟ್‌ವೇರ್ ಎಂಜಿನಿಯರ್ ಮೊದಲು ಮಾಡುವ ಕೆಲಸ ಎಕ್ಸೆಲ್ ಶೀಟ್ ತೆರೆಯೋದು. ನಾನೂ ಅದನ್ನೇ ಮಾಡಿದೆ. ನೆಲಮಂಗಲ, ಯಲಹಂಕ, ಕೆಂಗೇರಿ, ಸರ್ಜಾಪುರ ಅಂತ ಊರುಗಳು ಕೆಳಗೆ ಸಾಲಾಗಿ. ಬೆಲೆ, ಇಎಂಐ, ಆಫೀಸಿಗೆ ದೂರ, ಮೆಟ್ರೋ, ಶಾಲೆ, ಆಸ್ಪತ್ರೆ, ಖಾತೆ ಅಂತ ಹನ್ನೊಂದು ಕಾಲಂ ಅಡ್ಡಕ್ಕೆ. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ನೀರಿಗೂ ಒಂದು ಕಾಲಂ ಇತ್ತು. ಅದರಲ್ಲಿ ಬರೆಯೋಕೆ ಉತ್ತರ ಎರಡೇ: ಇದೆ, ಇಲ್ಲ.

ಅಂಕದಲ್ಲಿ ಮುಂದಿದ್ದದ್ದು ನೆಲಮಂಗಲದ ಆಚೆಗಿನ ಒಂದು ಲೇಔಟ್. ಅದಕ್ಕೆ ಲೆಕ್ಕ ಮಾತ್ರ ಕಾರಣ ಅಲ್ಲ, ಸ್ವಲ್ಪ ಸ್ವಾರ್ಥವೂ ಇತ್ತು. ನಮ್ಮೂರು ಹಿರೇಗುಂಟನೂರು, ಚಿತ್ರದುರ್ಗ ತಾಲ್ಲೂಕು. ತುಮಕೂರು ರಸ್ತೆಯಲ್ಲಿ ಮನೆ ಮಾಡಿದರೆ ಶುಕ್ರವಾರ ಸಂಜೆ ಊರಿಗೆ ಹೊರಡುವಾಗ ಬೆಂಗಳೂರನ್ನು ದಾಟುವ ಒಂದೂವರೆ ಗಂಟೆಯ ಶಿಕ್ಷೆ ಇರಲ್ಲ. 2024ರ ನವೆಂಬರಿನಲ್ಲಿ ಮೆಟ್ರೋ ನಾಗಸಂದ್ರದಿಂದ ಮಾದಾವರದವರೆಗೂ ಬಂತು. ಅಪ್ಪ ಅವ್ವ ಬಂದರೆ ಉಳಿಯೋಕೆ ಕೆಳಗೊಂದು ರೂಮು, ಹಿಂದೆ ಎರಡು ತೆಂಗು, ಒಂದು ಕರಿಬೇವು. ನನ್ನ ಹೆಂಡತಿ ಆಗಲೇ ಗೋಡೆಗೆ ಯಾವ ಬಣ್ಣ ಅಂತ ಯೋಚಿಸ್ತಿದ್ದಳು.

ಅಡ್ವಾನ್ಸ್ ಕೊಡೋ ಮುಂಚೆ ಅಪ್ಪನಿಗೆ ಒಮ್ಮೆ ತೋರಿಸೋಣ ಅಂತ ಕರೆಸಿದೆ. ಅಪ್ಪ ಕ್ಲಬ್‌ಹೌಸ್ ನೋಡಲಿಲ್ಲ, ಈಜುಕೊಳದ ಜಾಗವನ್ನೂ ನೋಡಲಿಲ್ಲ. ಕಾಲಲ್ಲಿ ಮಣ್ಣು ಕೆದಕಿ, "ರಾಗಿ ಹೊಲ ಇದು" ಅಂದ. ಆಮೇಲೆ ಗೇಟಿನ ಹತ್ತಿರ ಸಂಪಿಗೆ ನೀರು ಬಿಡ್ತಾ ನಿಂತಿದ್ದ ಟ್ಯಾಂಕರ್ ಕಡೆ ಹೋದ. ಡ್ರೈವರ್ ಹತ್ತಿರ ಅಪ್ಪ ಕೇಳಿದ್ದು ನನಗೆ ಕೇಳಿಸ್ತು.

"ಎಲ್ಲಿಂದ ತರ್ತೀಯಪ್ಪ?"

"ಇಲ್ಲೇ ನಾಲ್ಕು ಕಿಲೋಮೀಟ್ರು, ಒಬ್ರ ತೋಟದ ಬೋರು."

"ಪಕ್ಕದೋರ ಬೋರು ಹೆಂಗೈತೆ?"

ಡ್ರೈವರ್ ನಕ್ಕ. "ಅದೆಲ್ಲ ನಮಗೆ ಗೊತ್ತಾಗಲ್ಲ ಯಜಮಾನ್ರೇ."

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ಮಾತಾಡಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ, ನನಗೆ ಗೊತ್ತಿತ್ತು.

2017ರ ಬೇಸಿಗೆ. ನಮ್ಮ ಕಡೆ ಮಳೆ ಕೈಕೊಟ್ಟು ಅಡಕೆ ತೋಟಗಳು ಒಣಗ್ತಿದ್ದವು. ಬೇಸಿಗೆಗೆ ಒಂದು ಸಲ ಗಿಡ ಸತ್ತರೆ ಮತ್ತೆ ಫಸಲು ನೋಡೋಕೆ ಆರೇಳು ವರ್ಷ ಬೇಕು. ಅದಕ್ಕೇ ಜನ ಸಾಲ ಮಾಡಿ ಟ್ಯಾಂಕರ್ ನೀರು ತಂದು ಬುಡಕ್ಕೆ ಹಾಕ್ತಿದ್ದರು. ನಮ್ಮ ಬೋರಲ್ಲಿ ಇನ್ನೂ ಎರಡಿಂಚು ನೀರಿತ್ತು. ಟ್ಯಾಂಕರಿನವರು ಬಂದು ಕೇಳಿದರು. ಅಪ್ಪ ಅನುಮಾನಿಸಿ ನನಗೆ ಫೋನ್ ಮಾಡಿದ. ನಾನು ಆಫೀಸಿನ ಕ್ಯಾಂಟೀನಲ್ಲಿ ಕೂತು ಹೇಳಿದ್ದು ಇಷ್ಟು: "ಮಾರಪ್ಪಾ, ನಮ್ಮ ಹೊಲ, ನಮ್ಮ ಬೋರು, ನಮ್ಮ ನೀರು. ಯಾರು ಏನಂತಾರೆ?"

ಮೂರು ತಿಂಗಳು ದಿನಕ್ಕೆ ನಾಲ್ಕು ಲೋಡು ಹೋಯ್ತು. ಎರಡನೇ ತಿಂಗಳಲ್ಲಿ ಬದುವಿನ ಆಚೆ ನಾನು ಮಾವ ಅಂತ ಕರೆಯುವವರ ಬೋರು ಬರೀ ಗಾಳಿ ಉಗುಳೋಕೆ ಶುರು ಮಾಡಿತು. ಅವರು ಇನ್ನೆರಡು ಕೊರೆಸಿದರು, ಎರಡೂ ಫೇಲ್. ಮಳೆಗಾಲ ಬರೋ ಹೊತ್ತಿಗೆ ಅವರ ತೋಟದ ಸುಳಿಗಳು ಬಾಗಿದ್ದವು. ಮುಂದಿನ ವರ್ಷ ಗಿಡ ಕಡಿಸಿ ಜಾಗ ಖಾಲಿ ಮಾಡಿದರು. ಜಗಳ ಆಗಲಿಲ್ಲ, ಪಂಚಾಯ್ತಿ ಸೇರಲಿಲ್ಲ. ಯುಗಾದಿ ಚಂದ್ರನ್ನ ನೋಡಿದ ಮೇಲೆ ನಾನು ಅವರ ಕಾಲಿಗೆ ಬೀಳೋಕೆ ಹೋದರೆ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮಾತೂ ಆಡಲಿಲ್ಲ.

ನಮ್ಮ ಬೋರಿಂದಲೇ ಅವರದು ಬತ್ತಿತಾ? ಸಾಬೀತು ಮಾಡೋಕೆ ಆಗಲ್ಲ. ನಮ್ಮ ನೆಲದ ಕೆಳಗೆ ಇರೋದು ಗಟ್ಟಿ ಬಂಡೆ; ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಯಾವ ಬಿರುಕು ಯಾವ ಬದು ದಾಟಿ ಹೋಗಿದೆ ಅಂತ ಪಾಯಿಂಟ್ ತೋರಿಸೋನಿಗೂ ಗೊತ್ತಿಲ್ಲ. ಕಾನೂನನ್ನು ಕೇಳಿದರೆ ಅದು ನನ್ನ ಕ್ಯಾಂಟೀನಿನ ಮಾತನ್ನೇ ಹೇಳುತ್ತೆ. 1882ರ ಭಾರತೀಯ ಅನುಭೋಗದ ಹಕ್ಕುಗಳ ಕಾಯ್ದೆಯಿಂದಲೂ ನಡೆದುಬಂದದ್ದು ಅದೇ: ನಿನ್ನ ನೆಲದ ಅಡಿಯ ನೀರು ಗೊತ್ತಾದ ಕಾಲುವೆಯಲ್ಲಿ ಹರಿಯದಿದ್ದರೆ ತೆಗೆದುಕೊಳ್ಳೋದು ನಿನ್ನ ಹಕ್ಕು. ಅಂತರ್ಜಲ ನಿಯಂತ್ರಿಸೋಕೆ ಕರ್ನಾಟಕ 2011ರಲ್ಲಿ ಬೇರೆ ಕಾಯ್ದೆ ಮಾಡಿತು, ನೋಂದಣಿ, ಅನುಮತಿ ಎಲ್ಲ ಬಂತು. ಆದರೆ ಬದುವಿನ ಆಚೆಯವನ ಗಿಡ ಒಣಗುವಾಗ ಆ ಕಾಗದ ಹಿಡಿದುಕೊಂಡು ಯಾರೂ ಬರಲಿಲ್ಲ.

ಜಾನ್ ಲಾಕ್ ಅನ್ನೋ ಹದಿನೇಳನೇ ಶತಮಾನದ ಇಂಗ್ಲಿಷ್ ಚಿಂತಕ ಆಸ್ತಿ ಹೇಗೆ ನ್ಯಾಯವಾಗುತ್ತೆ ಅಂತ ವಿವರಿಸುವಾಗ ನೀರಿನ ಉದಾಹರಣೆಯನ್ನೇ ಕೊಡ್ತಾನೆ. ನದಿಯಲ್ಲಿ ಒಬ್ಬ ಹೊಟ್ಟೆ ತುಂಬ ಕುಡಿದರೂ ಇನ್ನೊಬ್ಬನಿಗೆ ಇಡೀ ನದಿ ಉಳಿದಿರುತ್ತೆ, ಹಾಗಾಗಿ ಅವನಿಗೆ ಅನ್ಯಾಯ ಆಗಲಿಲ್ಲ ಅಂತ. ಉಳಿದವರಿಗೆ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು ಅನ್ನೋದು ಅವನ ಷರತ್ತು. ಒಳ್ಳೆ ಷರತ್ತೇ. ನದಿ ಕಣ್ಣಿಗೆ ಕಾಣುತ್ತೆ, ಎಷ್ಟು ಉಳೀತು ಅಂತ ಕುಡಿದವನೇ ನೋಡಬಹುದು. ಬೋರಿನಲ್ಲಿ ಮಾತ್ರ ಎಷ್ಟು ಉಳೀತು ಅನ್ನೋದು ಪಕ್ಕದವನ ಪೈಪು ಗಾಳಿ ಉಗುಳಿದಾಗಲೇ ಗೊತ್ತಾಗೋದು.

ಅಪ್ಪ ಊರಿಗೆ ಹೋದ ಮೇಲೆ ಕೂತು ಒಂದು ಲೆಕ್ಕ ಹಾಕಿದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ಸಾಮಾನ್ಯ ಮಾನದಂಡ. ಲೇಔಟ್‌ನಲ್ಲಿ 120 ಮನೆ, ಮನೆಗೆ ನಾಲ್ಕು ಜನ ಅಂದರೆ ದಿನಕ್ಕೆ 64,800 ಲೀಟರ್. 12,000 ಲೀಟರಿನ ಟ್ಯಾಂಕರ್ ಆದರೆ ಹತ್ತಿರ ಹತ್ತಿರ ಐದೂವರೆ ಲೋಡು. ಮೂರು ತಿಂಗಳಲ್ಲ, ವರ್ಷಪೂರ್ತಿ. ಒಬ್ಬ ರೈತ ರಾಗಿ ಬಿಟ್ಟು ನೀರು ಮಾರ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಜಾಗದಲ್ಲಿ ನನ್ನ ಅಪ್ಪ ನಿಂತಿದ್ದ. ನಾಲ್ಕು ಕಿಲೋಮೀಟರ್ ಆಚೆ ಇನ್ನೊಬ್ಬ ಮಾವ ಇದ್ದಾರೆ, ಅಷ್ಟೇ. ಈ ಸಲ ನಾನು ಕೊಳ್ಳುವ ಕಡೆ.

ಕೊಳ್ಳುವ ಕಡೆ ನಾನು ಹೊಸಬನೇನೂ ಅಲ್ಲ ಅನ್ನೋದೂ ಆಗಲೇ ಹೊಳೆಯಿತು. ಆರು ವರ್ಷದಿಂದ ಬಾಡಿಗೆಗಿದ್ದ ಅಪಾರ್ಟ್‌ಮೆಂಟಿಗೂ ಟ್ಯಾಂಕರ್ರೇ ಬರ್ತಿತ್ತು. ಅದು ನನಗೆ ಮೇಂಟೆನೆನ್ಸ್ ಬಿಲ್ಲಿನ ಒಂದು ಸಾಲು ಮಾತ್ರ ಆಗಿತ್ತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರುಗಳು ಬತ್ತಿ ಸರ್ಕಾರ ಟ್ಯಾಂಕರ್‌ಗೆ ದರ ನಿಗದಿ ಮಾಡಿದಾಗ, ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಾಗ, ನಮ್ಮ ವಾಟ್ಸಾಪ್ ಗುಂಪಿನ ಚರ್ಚೆ ಎಲ್ಲ ರೇಟಿನದ್ದೇ. ನೀರು ಯಾವ ಊರಿಂದ ಬರ್ತಿದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹೆಂಡತಿಗೆ ಇದನ್ನೆಲ್ಲ ಹೇಳಿದಾಗ ಅವಳು ಒಪ್ಪಲಿಲ್ಲ. ಅವಳ ವಾದಗಳು ಹಗುರವಾದವಲ್ಲ. "ನಾವು ಬಿಟ್ರೆ ಆ ಸೈಟು ಇನ್ನೊಬ್ಬರು ತಗೋತಾರೆ. ಟ್ಯಾಂಕರ್ ಒಂದು ಲೋಡೂ ಕಮ್ಮಿ ಆಗಲ್ಲ. ನಿಮ್ಮ ಸಮಾಧಾನಕ್ಕೆ ನಮ್ಮ ಮಗಳು ಯಾಕೆ ಅಂಗಳ ಇಲ್ಲದ ಮನೇಲಿ ಬೆಳೀಬೇಕು?" ಎರಡು ದಿನ ಬಿಟ್ಟು ಇನ್ನೊಂದು ಕೇಳಿದಳು: "ಕಾವೇರಿ ನೀರು ಮಾತ್ರ ನಮ್ಮಪ್ಪನದಾ? ಅದೂ ಇನ್ನೊಬ್ಬರ ಪಾಲಿಂದಲ್ವಾ ಬರೋದು?"

ಮೊದಲ ವಾದಕ್ಕೆ ನನ್ನ ಹತ್ತಿರ ಇದ್ದದ್ದು ಅರ್ಧ ಉತ್ತರ. ಇನ್ನೊಬ್ಬ ತಗೋತಾನೆ ಅನ್ನೋದು ನಿಜ. ಆದರೆ 2017ರಲ್ಲಿ ನಾವೂ ಅದನ್ನೇ ಹೇಳಿಕೊಂಡಿದ್ದೆವು: ನಾವು ಕೊಡದಿದ್ದರೆ ಟ್ಯಾಂಕರಿನವರು ಮುಂದಿನ ತೋಟಕ್ಕೆ ಹೋಗ್ತಾರೆ. ಆ ಮಾತಿನಿಂದ ಮಾವನ ಎದುರು ನಿಲ್ಲೋದು ಸುಲಭವಾಗಲಿಲ್ಲ. ಇನ್ನೊಬ್ಬ ಮಾಡ್ತಾನೆ ಅನ್ನೋದು ಕೆಲಸ ನಡೆದೇ ನಡೆಯುತ್ತೆ ಅಂತ ಹೇಳುತ್ತೆ, ಅದನ್ನು ನಾನೇ ಮಾಡಬೇಕು ಅಂತ ಹೇಳಲ್ಲ.

ಎರಡನೇ ವಾದ ನನ್ನನ್ನು ಹೆಚ್ಚು ದಿನ ಕಾಡಿತು. ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದು ಬರಲ್ಲ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ ಹಂತಹಂತವಾಗಿ ಮೇಲೆತ್ತಿ ತರಬೇಕು. 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ಅಂತ ಮಾಡಿದ ಐದನೇ ಹಂತ ಶುರುವಾದದ್ದೇ 2024ರ ಅಕ್ಟೋಬರಿನಲ್ಲಿ; ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅದೂ ಯಾವುದೋ ನಾಲೆಗೆ ಹೋಗಬಹುದಾಗಿದ್ದ ನೀರೇ. ಹಾಗೆ ನೋಡಿದರೆ ನಮ್ಮ ದುರ್ಗದವರೂ ಕುಡಿಯೋದು ಚನ್ನಗಿರಿಯ ಸೂಳೆಕೆರೆ ನೀರು, ಹಿರಿಯೂರಿನ ವಾಣಿವಿಲಾಸ ಸಾಗರದ ನೀರು. ಆ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಅದಕ್ಕೆ ಭದ್ರೆಯ ನೀರೂ ಸೇರ್ತಿತ್ತು. ಇನ್ನೊಬ್ಬರ ಪಾಲು ಮುಟ್ಟದ ನೀರು ಬಯಲುಸೀಮೆಯಲ್ಲಿ ಯಾರ ಮನೆಯಲ್ಲೂ ಇಲ್ಲ.

ಹಾಗಾದರೆ ವ್ಯತ್ಯಾಸ ಏನು? ನನಗೆ ಕೊನೆಗೆ ಸಿಕ್ಕಿದ್ದು ಒಂದೇ: ಲೆಕ್ಕ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ಕೊಟ್ಟಿತು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಹೆಸರಲ್ಲಿ. ಆ ಸಂಖ್ಯೆ ಸರಿ ಅಂತ ನಾನು ವಾದಿಸ್ತಿಲ್ಲ. ತಮಿಳುನಾಡಿನ ರೈತ ಅದನ್ನು ಒಪ್ಪದಿರಬಹುದು, ಮಂಡ್ಯದ ರೈತ ರಸ್ತೆಗೆ ಇಳಿಯಬಹುದು. ಆದರೆ ಇಳಿಯೋಕೆ ಒಂದು ರಸ್ತೆ ಇದೆ, ಬೈಯೋಕೆ ಒಂದು ಸಂಖ್ಯೆ ಇದೆ, ಹೋಗೋಕೆ ಒಂದು ಕೋರ್ಟಿದೆ. ಕಳೆದುಕೊಂಡವನಿಗೆ ತಾನು ಕಳೆದುಕೊಂಡೆ ಅಂತ ಹೇಳುವ ಜಾಗ ಇದೆ. ಬದುವಿನ ಆಚೆಯ ಮಾವನಿಗೆ ಅದು ಇರಲಿಲ್ಲ. ಅವರಿಗೆ ಉಳಿದಿದ್ದು ಮಾತು ಬಿಡೋದೊಂದೇ.

ನೆಲಮಂಗಲದ ವಿಚಾರದಲ್ಲಿ ಇನ್ನೂ ಒಂದಿತ್ತು. ಶಿವಗಂಗೆ ಬೆಟ್ಟದ ಕಡೆಯಿಂದ ಬರುವ ಕುಮುದ್ವತಿ ಆ ತಾಲ್ಲೂಕಿನಲ್ಲಿ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತೆ. 1933ರಲ್ಲಿ ಅಲ್ಲಿ ಜಲಾಶಯ ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟರು. ಮೇಲೆ ಊರು ಬೆಳೆದಂತೆ ಹರಿವು ಕುಗ್ಗಿತು, ಬಂದದ್ದೂ ಕೊಳಕಾಯಿತು, ನೀರು ಕೊಡೋದೇ ನಿಂತಿತು. ಆ ಜಲಾನಯನ ಪ್ರದೇಶದಲ್ಲಿ ಕಟ್ಟಡಗಳಿಗೆ ನಿರ್ಬಂಧ ಹಾಕಿ 2003ರಲ್ಲಿ ಸರ್ಕಾರ ಅಧಿಸೂಚನೆಯನ್ನೂ ಹೊರಡಿಸಿತು. ನಮ್ಮಂಥವರು ಮನೆ ಕಟ್ಟಿ ಕಟ್ಟಿಯೇ ಒಂದು ನದಿ ಕಳೆದುಕೊಂಡು, ಈಗ ಅದೇ ಜಾಗಕ್ಕೆ ಟ್ಯಾಂಕರ್ ತರಿಸ್ತಿದ್ದೇವೆ.

ನಾವು ಸೈಟು ಬಿಟ್ಟೆವು. ಯಲಹಂಕ ಉಪನಗರದಲ್ಲಿ ಒಂದು ಹಳೇ ಸಣ್ಣ ಮನೆ ತಗೊಂಡೆವು. ಅದೇ ದುಡ್ಡಿಗೆ ಅರ್ಧ ಜಾಗ, ಒಂದು ರೂಮು ಕಮ್ಮಿ, ತೆಂಗಿನ ಗಿಡಕ್ಕೆ ಎಡೆ ಇಲ್ಲ. ಶುಕ್ರವಾರದ ಒಂದೂವರೆ ಗಂಟೆ ಪೂರ್ತಿ ಅಲ್ಲದಿದ್ದರೂ ಅರ್ಧ ಉಳಿದುಕೊಂಡಿದೆ. ಕಾವೇರಿ ನಲ್ಲಿ ಇದೆ, ಮೀಟರಿದೆ, ನೀರು ವಾರಕ್ಕೆ ಎರಡು ದಿನ. ಹೆಂಡತಿ ಕುಂಡದಲ್ಲಿ ಕರಿಬೇವು ನೆಟ್ಟಿದ್ದಾಳೆ. ನನ್ನ ನಿರ್ಧಾರ ಸರಿ ಅಂತ ಅವಳು ಇನ್ನೂ ಹೇಳಿಲ್ಲ, ನಾನು ಕೇಳೋಕೂ ಹೋಗಿಲ್ಲ. ಮಗಳ ಅಂಗಳದ ಬೆಲೆ ಕೊಟ್ಟದ್ದು ನಾನೊಬ್ಬನೇ ಅಲ್ಲವಲ್ಲ.

ನೀವು ಮನೆ ಹುಡುಕ್ತಿದ್ದರೆ ನಾನು ಮಾಡಿದ್ದನ್ನೇ ಮಾಡಿ ಅಂತ ಹೇಳಲ್ಲ. ಎಲ್ಲರಿಗೂ ಆಯ್ಕೆ ಇರಲ್ಲ. ಊರ ಒಳಗಿನ ಮನೆ ಕೈಗೆಟುಕದೆ ಹೊರಗೆ ಹೋಗುವವರೇ ಹೆಚ್ಚು. ಆದರೆ ನೀರಿನ ಕಾಲಂನಲ್ಲಿ "ಇದೆ" ಅಂತ ಬರೆಯೋ ಮುಂಚೆ ಯಾವ ಊರಿಂದ, ಯಾರ ಬೋರಿಂದ ಅಂತ ಒಂದು ಸಲ ಕೇಳಿ. ಆಮೇಲೂ ಅಲ್ಲೇ ತಗೊಂಡರೆ ಮಳೆನೀರು ಇಂಗಿಸೋಕೆ, ಬಳಸಿದ ನೀರು ಮರುಬಳಸೋಕೆ ಅಸೋಸಿಯೇಷನ್ ಸಭೆಯಲ್ಲಿ ಕೈ ಎತ್ತುವವರು ನೀವೇ ಆಗಿ. ದಿನಕ್ಕೆ ಐದೂವರೆ ಲೋಡು ಮೂರಾದರೆ ಅದು ಯಾರದೋ ತೋಟಕ್ಕೆ ಗೊತ್ತಾಗುತ್ತೆ.

ಈ ಯುಗಾದಿಗೆ ಊರಿಗೆ ಹೋಗಿದ್ದೆ. ಚಂದ್ರನ್ನ ನೋಡಿದ ಮೇಲೆ ಮಾವನ ಮನೆಗೆ ಹೋಗಿ ಕಾಲಿಗೆ ಬಿದ್ದೆ. ಎದ್ದು ನಿಂತು, ಎಂಟು ವರ್ಷದಿಂದ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದೆ: "ಮಾವ, ಆ ವರ್ಷ ನೀರು ಮಾರು ಅಂತ ಅಪ್ಪನಿಗೆ ಹೇಳಿದ್ದು ನಾನೇ." ಅವರು ಸುಮ್ಮನಿದ್ದರು. ಒಳಗಿಂದ ಅತ್ತೆ ಬೇವು-ಬೆಲ್ಲದ ತಟ್ಟೆ ತಂದು ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ಮಾವ ಕೇಳಿದರು:

"ಬೆಂಗ್ಳೂರಾಗೆ ಮನೆ ತಗಂಡ್ಯಂತೆ. ನೀರು ಹೆಂಗೈತೆ ಅಲ್ಲಿ?"

"ವಾರಕ್ಕೆ ಎರಡು ದಿನ ಬಿಡ್ತಾರೆ ಮಾವ."

"ಸಾಕಾಗ್ತೈತಾ?"

"ಸಾಕು ಮಾಡ್ಕೋತೀವಿ" ಅಂದೆ.