ಮಾಳಿಗೆಯ ಕುಂಬಿ

ಓದತಕ್ಕ ಭಾಗ: ಧರ್ಮೋಪದೇಶಕಾಂಡ 22:8, ಲೂಕ 13:4

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಿ, ಬೇಸಿಗೆಯಲ್ಲಿ ಅಲ್ಲಿಯೇ ಮಲಗುವ ನಮಗೆ ಈ ಆಜ್ಞೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಕಟ್ಟುವವನು ಮಾಳಿಗೆಯ ಸುತ್ತ ಕುಂಬಿಯನ್ನು ಕಟ್ಟಬೇಕು. ಕಟ್ಟದೆ ಯಾವನಾದರೂ ಬಿದ್ದು ಸತ್ತರೆ ಆ ರಕ್ತದ ಲೆಕ್ಕವು ಮನೆಯವನ ಮೇಲೆ ಬರುವದೆಂದು ದೇವರು ವಿಧಿಸಿದ್ದಾನೆ. ಬಿದ್ದವನ ಹಣೆಬರಹವೆಂದು ಅಲ್ಲಿ ಬರೆದಿಲ್ಲ.

ಈ ಕಾಲದ ಯೌವನಸ್ಥರು ಮಾಳಿಗೆಗಿಂತ ಬಹಳ ಎತ್ತರಕ್ಕೆ ಏರುತ್ತಾರೆ. ಪ್ಯಾರಾಗ್ಲೈಡಿಂಗ್ ಎಂಬ ಆಟದಲ್ಲಿ ಬಟ್ಟೆಯ ರೆಕ್ಕೆಯನ್ನು ಹಗ್ಗಗಳಿಂದ ಮೈಗೆ ಬಿಗಿದುಕೊಂಡು ಗುಡ್ಡದಿಂದ ಹಾರುವದುಂಟು. ಆ ರೆಕ್ಕೆಗೆ ಎಲುಬಿಲ್ಲ. ಮುಂದಿನ ಬಾಯಿಗಳಿಂದ ಒಳಗೆ ನುಗ್ಗುವ ಗಾಳಿಯೇ ಅದನ್ನು ಉಬ್ಬಿಸಿ ನಿಲ್ಲಿಸುವದು. ಗಾಳಿಯು ಒರಟಾದರೆ ಒಂದು ಮಗ್ಗುಲು ಮುದುಡುವದು. ಎತ್ತರದಲ್ಲಿದ್ದರೆ ತಿರಿಗಿ ಬಿಚ್ಚಿಕೊಂಡೀತು. ನೆಲಕ್ಕೆ ಹತ್ತಿರವಾದರೆ, ಕಾಪಾಡುವ ಎರಡನೆಯ ಕೊಡೆಯನ್ನು ಬಿಚ್ಚುವದಕ್ಕೂ ಸಮಯವಿರುವದಿಲ್ಲ. ಆದದರಿಂದ ಶಿಷ್ಯನು ಮೊದಲು ಬಯಲಿನಲ್ಲಿ ರೆಕ್ಕೆ ಎತ್ತುವದನ್ನೂ ಆಮೇಲೆ ಸಣ್ಣ ದಿಬ್ಬದಿಂದ ಇಳಿಯುವದನ್ನೂ ಕಲಿಯಬೇಕು. ಅದೂ ಮುಂಜಾನೆ ಇಲ್ಲವೆ ಸಂಜೆ, ಗಾಳಿ ಮೆತ್ತಗಿರುವಾಗ. ನಡುಹಗಲ ಬಿಸಿಲಿಗೆ ಎರೆಹೊಲದಿಂದ ಸುಂಟರಗಾಳಿ ಏಳುವದನ್ನು ಕಪ್ಪತಗುಡ್ಡದ ಸೀಮೆಯ ದನಗಾಹಿಯೂ ಬಲ್ಲನು.

ಗುರುವು ನೆಲದ ಮೇಲೆ ನಿಂತು ರೇಡಿಯೊದಲ್ಲಿ ಹೇಳುತ್ತಾನೆ. ಆದರೆ ಮೇಲೆ ಶಿಷ್ಯನು ಒಬ್ಬನೇ. ಗುರುವಿನ ಮಾತು ಅವನಿಗೆ ಮುಟ್ಟೀತು, ಕೈ ಮುಟ್ಟದು. ಹಾಗಾದರೆ ಗುರುವಿನ ದೊಡ್ಡ ಕೆಲಸವು ಯಾವದು? ಕಾಲು ನೆಲ ಬಿಡುವ ಮುಂಚೆಯೇ ಆಕಾಶವನ್ನು ನೋಡಿ, "ಈ ಹೊತ್ತು ಬೇಡ" ಅನ್ನುವದು. ಅದೇ ಅವನು ಕಟ್ಟತಕ್ಕ ಕುಂಬಿಯಾಗಿದೆ.

ಬಲ್ಲವನು ಸಂಗಡ ಇದ್ದರೂ ಅಪಾಯವು ತಪ್ಪಿತೆಂದು ಹೇಳಲಾಗದು. 2020ನೆಯ ಅಕ್ಟೋಬರ್ 2ರಂದು ಕಾರವಾರದ ಠಾಗೋರ್ ಕಡಲತೀರದಲ್ಲಿ ಯಂತ್ರ ಕಟ್ಟಿದ ಇಂಥದೇ ರೆಕ್ಕೆಯು ಸಮುದ್ರಕ್ಕೆ ಬಿತ್ತು. ನಡೆಸುವವನು ಬದುಕಿದನು, ಸಂಗಡ ಹಾರಿದ ನೌಕಾದಳದ ಅಧಿಕಾರಿಯು ಹಗ್ಗಗಳಲ್ಲಿ ಸಿಕ್ಕು ತೀರಿಹೋದರು. ತೀರ್ಪು ಹೇಳುವ ಅಧಿಕಾರವು ನಮ್ಮದಲ್ಲ.

ಇಂಥ ಸುದ್ದಿ ಬಂದಾಗಲೆಲ್ಲಾ ಊರ ಕಟ್ಟೆಯ ಮೇಲೆ ಎರಡು ಮಾತು ಕೇಳುತ್ತೇವೆ: ಪಾಪದ ಫಲ, ಇಲ್ಲವೆ ದೇವರ ಚಿತ್ತ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿಯು ಮಿಕ್ಕವರಿಗಿಂತ ಪಾಪಿಷ್ಠರಲ್ಲವೆಂದು ನಮ್ಮ ಕರ್ತನು ಖಂಡಿತವಾಗಿ ಹೇಳಿದ್ದರಿಂದ ಮೊದಲನೆಯ ಮಾತು ಅಲ್ಲಿಗೇ ಬಿತ್ತು. ಎರಡನೆಯದು ಭಕ್ತಿಯಂತೆ ತೋರುವದು. ಆದರೆ ಕುಂಬಿ ಕಟ್ಟದ ಮನೆಯವನು ಅಡಗಿಕೊಳ್ಳುವದು ಅದರ ಮರೆಯಲ್ಲಿಯೇ. ಮಗನನ್ನು ಕಳಕೊಂಡ ತಾಯಿಯ ಮುಂದೆ ಎರಡನ್ನೂ ಆಡಬೇಡಿರಿ. ಹೋಗಿ ಅವಳ ಸಂಗಡ ಅಳಿರಿ.

ನಮ್ಮ ಸಭೆಗಳ ಹುಡುಗರು ರಜೆಯಲ್ಲಿ ಇಂಥದನ್ನು ಕಲಿಯಬೇಕೆಂದರೆ ಹೆದರಿಸಿ ತಡೆಯಬೇಕೆಂದು ನಾವು ಹೇಳುವದಿಲ್ಲ. ಕಲಿಸುವವನ ಬಳಿಗೆ ತಂದೆಯೇ ಹೋಗಿ ಕೇಳಲಿ: ನೀವು ಯಾರ ಹತ್ತರ ಕಲಿತಿರಿ? ತಲೆಗೆ ಹೆಲ್ಮೆಟ್, ಬೆನ್ನಿಗೆ ಎರಡನೆಯ ಕೊಡೆ ಉಂಟೋ? ಗಾಳಿ ಕೆಟ್ಟದ್ದೆಂದು ಶಿಷ್ಯರನ್ನು ಹಾರಿಸದೆ ಮನೆಗೆ ಕಳುಹಿಸಿದ ದಿನ ಯಾವದು? ಈ ಕಡೇ ಪ್ರಶ್ನೆಗೆ ಅವನು ನಕ್ಕರೆ, ಕೊಡಬೇಕೆಂದು ತಂದ ಹಣವನ್ನು ತಿರಿಗಿ ಗಂಟಿನಲ್ಲಿ ಕಟ್ಟಿಕೊಂಡು ಮಗನನ್ನು ಕರಕೊಂಡು ಬರಲಿ.