ದಾರ ಹಿಡಿದು ನಿಂತವಳು

ಎಮ್ಮಿಗನೂರಿನ ನಮ್ಮ ತವರುಮನೆಯ ಪಡಸಾಲೆಯಲ್ಲಿ ಒಂದು ಬಂಡೆಯ ಮೇಲೆ ಚೌಕಾಬಾರದ ಮನೆ ಕೊರೆದಿದೆ. ಯಾರು ಕೊರೆದರು, ಯಾವಾಗ ಕೊರೆದರು ಎಂಬುದು ಮನೆಯಲ್ಲಿ ಯಾರಿಗೂ ತಿಳಿಯದು. ಗುಡಿಸಿ, ಸಾರಿಸಿ, ಅಂಗಾಲು ಸವೆಸಿ ಗೀಟುಗಳು ತೆಳುವಾಗಿವೆಯಾದರೂ ಇನ್ನೂ ಅಳಿಸಿಲ್ಲ. ಹಂಪಿಗೆ ಹೋದಾಗ ತಲೆ ಎತ್ತಿಕೊಂಡು ನೋಡುವುದರ ಜೊತೆಗೆ ಸ್ವಲ್ಪ ನೆಲವನ್ನೂ ನೋಡಿಕೊಂಡು ನಡೆದವರು, ಅಲ್ಲಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಇಂಥದೇ ಮನೆಗಳನ್ನು ಕಂಡಿರುತ್ತಾರೆ. ಕಂಬದ ಯಾಳಿಯನ್ನು ತೋರಿಸುವ ಗೈಡುಗಳು ಇವನ್ನು ತೋರಿಸುವುದು ಕಡಿಮೆ. ಅರಸರ ಕಥೆ ಹೇಳುವುದಕ್ಕೇ ಅವರಿಗೆ ಹೊತ್ತು ಸಾಲದು.

ಚೌಕಾಬಾರ ಆಡಿದವರಿಗೆ ಅದರ ದಾರಿ ಗೊತ್ತು. ಐದೈದರ ಇಪ್ಪತ್ತೈದು ಮನೆ. ಹೊರಸುತ್ತಿನ ಹದಿನಾರು ಮನೆಗಳನ್ನು ಒಂದು ದಿಕ್ಕಿಗೆ ಸುತ್ತಬೇಕು. ಆಮೇಲೆ ಒಳಸುತ್ತಿಗೆ ಇಳಿದು ಎಂಟು ಮನೆಗಳನ್ನು ಎದುರು ದಿಕ್ಕಿಗೆ ಸುತ್ತಬೇಕು. ಕೊನೆಗೆ ನಟ್ಟನಡುವಿನ ಮನೆ. ಅಲ್ಲಿ ತಲುಪಿದ ಕಾಯಿ ಹಣ್ಣು. ಈ ಮಾತಿನ ಚಂದ ನೋಡಿ, ಗೆದ್ದಿತು ಎನ್ನುವುದಿಲ್ಲ, ಹಣ್ಣಾಯಿತು ಎನ್ನುತ್ತೇವೆ. ಆದರೆ ಹಣ್ಣಾಗುವ ದಾರಿಯಲ್ಲಿ ಒಂದು ಕಠಿಣವಾದ ನಿಯಮವಿದೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಎಷ್ಟೇ ಸಾಧುವಾಗಿ ಆಡಿದರೂ ಹೊರಗೇ ಗಾಣದ ಎತ್ತಿನಂತೆ ಸುತ್ತುತ್ತಿರಬೇಕು.

ಬೇಸಿಗೆಯ ಮಧ್ಯಾಹ್ನಗಳಲ್ಲಿ ನಮ್ಮಜ್ಜಿ, ಅವ್ವ, ದೊಡ್ಡವ್ವ, ಓಣಿಯ ಒಂದಿಬ್ಬರು ಆ ಬಂಡೆಯ ಸುತ್ತ ಕೂರುತ್ತಿದ್ದರು. ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆಬೀಜ. ಕಾಯಿಗೆ ಬಳೆಚೂರು. ಅತ್ತೆಯ ಕಾಯಿ ಕಡಿಯುವ ಅಧಿಕಾರ ಸೊಸೆಗೆ ಆ ಒಂದು ತಾಸು ಮಾತ್ರ ಇರುತ್ತಿತ್ತು. ಅವ್ವ ಅಜ್ಜಿಯ ಕಾಯಿ ಕಡಿದಾಗ ಅವಳ ಮುಖದಲ್ಲಿ ಬರುತ್ತಿದ್ದ ನಗುವನ್ನು ದಿನದ ಬೇರಾವ ಹೊತ್ತಿನಲ್ಲೂ ನಾನು ಕಾಣಲಿಲ್ಲ. ಅಜ್ಜಿಯೂ ಅಷ್ಟೇ, ಕಡಿಸಿಕೊಂಡ ಸಿಟ್ಟನ್ನು ಬಂಡೆಯ ಮೇಲೇ ಬಿಟ್ಟು ಎದ್ದುಬಿಡುತ್ತಿದ್ದಳು. ಎಲ್ಲ ದಿನವೂ ಅಲ್ಲ, ಕೆಲವು ದಿನ ಆ ಸಿಟ್ಟು ಅಡಿಗೆಮನೆಯವರೆಗೂ ಹೋದದ್ದುಂಟು.

ಇಂಥ ಮನೆಗೆ ಈಚೆಗೆ ದಸರಾ ರಜೆಯಲ್ಲಿ ಒಂದು ಹೊಸ ಆಟ ಬಂತು. ಬೆಂಗಳೂರಿನಲ್ಲಿರುವ ಅಕ್ಕನ ಮೊಮ್ಮಗ ತಂದದ್ದು. ಹಲಗೆಯ ತುಂಬ ಸುತ್ತುಸುತ್ತಿನ ಗೋಡೆಗಳು. ನಾಲ್ವರು ಆಟಗಾರರಿಗೆ ನಾಲ್ವರು ವೀರರು. ಒಳಗೊಬ್ಬ ಗೂಳಿತಲೆಯ ರಾಕ್ಷಸ. ದಾಳ ಉರುಳಿಸಿದಾಗ ಅಂಕಿ ಬಿದ್ದರೆ ನಮ್ಮ ವೀರ ನಡೆಯುತ್ತಾನೆ. ಒಂದು ಬಣ್ಣ ಬಿದ್ದರೆ ರಾಕ್ಷಸನನ್ನು ನಾವೇ ನಡೆಸಿ ಬೇರೆಯವರ ಮೇಲೆ ಬಿಡಬಹುದು. ಇನ್ನೊಂದು ಬಣ್ಣ ಬಿದ್ದರೆ ಒಂದು ಗೋಡೆಯನ್ನು ಕಿತ್ತು ಬೇರೊಬ್ಬರ ದಾರಿಗೆ ಅಡ್ಡ ನಿಲ್ಲಿಸಬಹುದು. ಮೊದಲು ಹೊರಬಿದ್ದವನು ಗೆದ್ದ. ಅಲ್ಲಿಗೆ ಆಟ ಮುಗಿಯಿತು. ಉಳಿದ ಮೂವರು ಏನಾದರು? ಒಳಗೇ ಉಳಿದರು. ಹಲಗೆ ಮಡಿಚಿ ಡಬ್ಬಿಗೆ ಹಾಕುವಾಗ ಅವರನ್ನೂ ಹಾಕಿಬಿಡುವುದು. ನಮ್ಮ ಚೌಕಾಬಾರದಲ್ಲಿ ಹೀಗಿರಲಿಲ್ಲ. ಒಬ್ಬಳು ಹಣ್ಣಾದ ಮೇಲೂ ಉಳಿದವರು ಕೊನೆಯ ಕಾಯಿಯವರೆಗೆ ಆಡುತ್ತಿದ್ದರು.

ಆಟದ ಹಿಂದಿನ ಕಥೆ ಗ್ರೀಕರದು. ಕ್ರೀಟ್ ದ್ವೀಪದ ಅರಸ ಮಿನೋಸ್. ಅವನ ರಾಣಿಗೆ ಹುಟ್ಟಿದ ಗೂಳಿತಲೆಯ ಮಗ ಮಿನೋಟಾರ್. ಅದನ್ನು ಬಚ್ಚಿಡಲು ಡೀಡಲಸ್ ಎಂಬ ಶಿಲ್ಪಿ ಒಂದು ಸುತ್ತುಮನೆ ಕಟ್ಟಿದ. ಸೋತ ಅಥೆನ್ಸ್ ನಗರ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಅದರ ಆಹಾರಕ್ಕೆ ಕಪ್ಪವಾಗಿ ಕಳಿಸಬೇಕು. ಒಂದು ಸಲ ಅಥೆನ್ಸಿನ ರಾಜಕುಮಾರ ಥೀಸಿಯಸ್ ತಾನೇ ಆ ಗುಂಪಿನಲ್ಲಿ ಹೋದ. ಮಿನೋಸನ ಮಗಳು ಅರಿಯಾಡ್ನೆ ಅವನಿಗೆ ಮನಸೋತು ಒಂದು ದಾರದ ಉಂಡೆ ಕೊಟ್ಟಳು. ಬಾಗಿಲಲ್ಲಿ ದಾರದ ತುದಿ ಕಟ್ಟಿ, ಬಿಚ್ಚುತ್ತ ಒಳಗೆ ಹೋಗಿ, ರಾಕ್ಷಸನನ್ನು ಕೊಂದು, ಅದೇ ದಾರ ಹಿಡಿದು ಅವನು ಹೊರಬಂದ. ಜೊತೆಯವರೆಲ್ಲರೂ ಉಳಿದರು. ಅರಿಯಾಡ್ನೆಯನ್ನು ಹಡಗಿನಲ್ಲಿ ಕರೆದುಕೊಂಡು ಹೋದವನು, ದಾರಿಯಲ್ಲಿ ನಾಕ್ಸೊಸ್ ಎಂಬ ದ್ವೀಪದಲ್ಲಿ ಅವಳನ್ನು ಬಿಟ್ಟು ಹೊರಟ. ಅವಳಿನ್ನೂ ನಿದ್ದೆಯಲ್ಲಿದ್ದಳು ಎಂದು ಹೇಳುವವರಿದ್ದಾರೆ. ಯಾಕೆ ಬಿಟ್ಟ ಎಂಬುದಕ್ಕೆ ಹಳೆಯ ಕವಿಗಳು ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ. ಕಾರಣಗಳು ಹೆಚ್ಚಾದಷ್ಟೂ ನನಗೆ ಅನುಮಾನ ಹೆಚ್ಚು.

ಹುಡುಗ ಈ ಕಥೆಯನ್ನು ಡಬ್ಬಿಯಲ್ಲಿದ್ದ ಹಾಳೆ ನೋಡಿ ಅರ್ಧ, ತನಗೆ ತಿಳಿದದ್ದು ಅರ್ಧ ಸೇರಿಸಿ ಹೇಳಿದ. ನಾನು ಡಬ್ಬಿಯಲ್ಲಿ ಹುಡುಕಿದೆ. ವೀರರಿದ್ದರು, ರಾಕ್ಷಸನಿದ್ದ, ಗೋಡೆಗಳಿದ್ದವು. ದಾರ ಇರಲಿಲ್ಲ, ದಾರ ಕೊಟ್ಟವಳೂ ಇರಲಿಲ್ಲ.

ಕಥೆಯನ್ನು ಆಟ ಮಾಡುವಾಗ ಇದೊಂದು ಸಣ್ಣ ಬದಲಾವಣೆ ಎಂದು ಬಿಟ್ಟುಬಿಡಬಹುದು. ನನಗೆ ಹಾಗೆ ಬಿಡಲಾಗಲಿಲ್ಲ. ಕಥೆಯಲ್ಲಿ ಹದಿನಾಲ್ಕು ಜನರ ಜೀವ ಒಂದೇ ದಾರದ ಮೇಲೆ ನಿಂತಿದೆ. ಆಟದಲ್ಲಿ ನಾಲ್ವರಲ್ಲಿ ಒಬ್ಬನಿಗೆ ಇನ್ನೊಬ್ಬನೇ ಗೋಡೆ. ದಾರವನ್ನು ತೆಗೆದುಬಿಟ್ಟರೆ ಮಾತ್ರ ಈ ಪೈಪೋಟಿ ಸಾಧ್ಯ, ಏಕೆಂದರೆ ದಾರ ಹಿಡಿದವರು ಒಬ್ಬರ ಹಿಂದೊಬ್ಬರು ಹೊರಬಂದುಬಿಡುತ್ತಾರಲ್ಲ!

ಅಕ್ಕ ಕಥೆಯನ್ನು ಪೂರ್ತಿ ಕೇಳಿ, “ಇದು ನಮ್ಮ ಅಭಿಮನ್ಯುಂದೇ ಬಿಡು. ಸುಭದ್ರಿ ನಿದ್ದಿ ಹೋಗದಿದ್ರ ಅವನೂ ಹೊರಗ ಬರ್ತಿದ್ದ” ಎಂದಳು.

ಈ ಮಾತನ್ನು ಕೇಳದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ಯಾರಿದ್ದಾರೆ? ಬಸುರಿ ಸುಭದ್ರೆಗೆ ಚಕ್ರವ್ಯೂಹದ ಕಥೆ ಹೇಳುತ್ತಿದ್ದರಂತೆ. ಒಳಹೋಗುವುದನ್ನು ಕೇಳುತ್ತ ಹೂಂಗುಟ್ಟಿದಳಂತೆ, ಹೊರಬರುವುದನ್ನು ಹೇಳುವಷ್ಟರಲ್ಲಿ ಕಣ್ಣು ಮುಚ್ಚಿದಳಂತೆ. ಹೊಟ್ಟೆಯ ಕೂಸು ಅರ್ಧ ವಿದ್ಯೆ ಕಲಿತು ಹುಟ್ಟಿತು, ಹದಿನಾರನೆಯ ವಯಸ್ಸಿಗೆ ಸತ್ತಿತು. ತುಂಬಿದ ಬಸುರಿ ರಾತ್ರಿ ಹೊತ್ತು ಯುದ್ಧದ ಪಾಠ ಕೇಳುತ್ತ ನಿದ್ದೆ ಹೋದದ್ದು ಇಷ್ಟು ದೊಡ್ಡ ಅಪರಾಧವಾಯಿತು.

ಆದರೆ ವ್ಯಾಸಭಾರತದ ದ್ರೋಣಪರ್ವದಲ್ಲಿ ಈ ನಿದ್ದೆಯ ಮಾತೇ ಇಲ್ಲ. ಯುದ್ಧದ ಹದಿಮೂರನೆಯ ದಿನ. ಅರ್ಜುನನನ್ನು ಸಂಶಪ್ತಕರು ದೂರ ಸೆಳೆದಿದ್ದಾರೆ. ವ್ಯೂಹ ಒಡೆ ಎಂದು ಕೇಳಿದವನು ದೊಡ್ಡಪ್ಪ ಧರ್ಮರಾಯ. ಅಭಿಮನ್ಯು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ಒಳನುಗ್ಗುವುದನ್ನು ತಂದೆ ಕಲಿಸಿದ್ದಾನೆ, ಆಪತ್ತು ಬಂದರೆ ಹೊರಬರಲು ನನಗೆ ತಿಳಿಯದು. ನೀನು ಬಾಗಿಲು ಒಡೆ, ನಿನ್ನ ಹಿಂದೆಯೇ ನಾವು ಬರುತ್ತೇವೆ ಎಂದು ಧರ್ಮರಾಯನೂ ಭೀಮನೂ ಮಾತು ಕೊಡುತ್ತಾರೆ. ಹುಡುಗ ಒಳಹೋದ. ಹಿಂದೆ ಬರಬೇಕಾದವರನ್ನು ಸೈಂಧವ ಬಾಗಿಲಲ್ಲೇ ತಡೆದ. ಕಲಿಸಿದವನು ತಂದೆ, ಕಳಿಸಿದವನು ದೊಡ್ಡಪ್ಪ, ತಡೆದವನು ಸೈಂಧವ, ಸುತ್ತುವರಿದು ಕೊಂದವರು ಮಹಾರಥರು. ಇಷ್ಟು ಗಂಡಸರ ಪಾಲನ್ನು ಒಟ್ಟುಗೂಡಿಸಿ, ಆಮೇಲೆ ಕಥೆ ಹೇಳಿದವರು ಒಬ್ಬ ಬಸುರಿಯ ನಿದ್ದೆಯ ಮೇಲೆ ಇಳಿಸಿಬಿಟ್ಟರು. ನಾವೂ ನಮ್ಮ ಮಕ್ಕಳಿಗೆ ಹಾಗೆಯೇ ಹೇಳಿದೆವು.

ಅಭಿಮನ್ಯು ವ್ಯೂಹ ಹೊಗುವುದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಕೆತ್ತಿದ್ದಾರೆ. ಹನ್ನೆರಡನೆಯ ಶತಮಾನದ ಕೆಲಸ. ಬೇಲೂರು, ಸೋಮನಾಥಪುರಗಳ ಜೊತೆ ಆ ಗುಡಿ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ವ್ಯೂಹ ಸುತ್ತುಸುತ್ತಿನ ಬಳೆಗಳ ಹಾಗಿದೆ. ಕ್ರಿಸ್ತಪೂರ್ವದ ಕ್ರೀಟ್ ನಾಣ್ಯಗಳ ಮೇಲಿನ ಸುತ್ತುಮನೆಯೂ ಹೆಚ್ಚುಕಡಿಮೆ ಇದೇ ಜಾತಿಯದು. ಈ ಹಳೆಯ ಚಿತ್ರಗಳ ಮೇಲೆ ಬೆರಳಿಟ್ಟು ನಡೆಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕವಲುಗಳೇ ಇಲ್ಲ, ಇರುವುದು ಒಂದೇ ದಾರಿ. ಅದು ಎಷ್ಟೇ ತಿರುಗಿದರೂ ತಪ್ಪುವುದು ಸಾಧ್ಯವಿಲ್ಲ. ನಮ್ಮ ಚೌಕಾಬಾರವೂ ಹಾಗೆಯೇ ಅಲ್ಲವೇ? ದಾರಿ ಯಾರಿಗೂ ತಪ್ಪುವುದಿಲ್ಲ. ತಡೆಯುವುದು ದಾರಿಯಲ್ಲಿ ಕೂತ ಇನ್ನೊಬ್ಬರ ಕಾಯಿ. ಅಭಿಮನ್ಯುವಿಗೂ ಕಷ್ಟವಾದದ್ದು ದಾರಿಯಿಂದಲ್ಲ, ಬಾಗಿಲಲ್ಲಿ ನಿಂತವನಿಂದ.

ನಮ್ಮ ದೇಶದ ಕೆಲವು ಕಡೆ ಹೆರಿಗೆ ನೋವು ತಿನ್ನುವ ಹೆಂಗಸಿಗೆ ಚಕ್ರವ್ಯೂಹದ ಚಿತ್ರ ಬರೆದು ತೋರಿಸುವ ರೂಢಿಯಿತ್ತು. ತಟ್ಟೆಯ ಮೇಲೆ ಕೇಸರಿಯಿಂದ ಬರೆದು, ತೊಳೆದ ನೀರನ್ನು ಕುಡಿಸುವುದೂ ಇತ್ತು. ಅದರಿಂದ ಹೆರಿಗೆ ಸಲೀಸಾಗುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಹಾಗೆ ಯೋಚಿಸಿದ ಆ ಸೂಲಗಿತ್ತಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಹೊರಬರುವ ಮೊದಲ ದಾರಿ ನಮಗೆಲ್ಲ ಇನ್ನೊಬ್ಬಳ ಮೈಯೊಳಗಿನದು. ಅಲ್ಲಿಂದ ಯಾರೂ ತಾವಾಗಿ ಗೆದ್ದು ಬಂದವರಲ್ಲ.

ಹಾಗಿದ್ದರೆ ಒಬ್ಬರ ದಾರಿಗೆ ಗೋಡೆ ನಿಲ್ಲಿಸಿ ತಾನು ಹೊರಬೀಳುವುದನ್ನು ಮಕ್ಕಳಿಗೆ ಆಟವಾಗಿ ಕಲಿಸಬಹುದೇ? ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳಾದ್ದರಿಂದ ಈ ಪ್ರಶ್ನೆ ನನ್ನನ್ನು ಕಾಡಿತು. ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿ ಬರೆದದ್ದು ಪಕ್ಕದವಳಿಗೆ ಕಾಣದಂತೆ ಕೈ ಅಡ್ಡ ಇಡುವುದನ್ನು ಸಾವಿರ ಸಲ ಕಂಡಿದ್ದೇನೆ. ಆ ಕೈ ಎಲ್ಲಿಂದ ಕಲಿತು ಬಂತು ಎಂದು ಕೇಳಿಕೊಂಡಿದ್ದೇನೆ. ಆಟದಿಂದ ಕಲಿತದ್ದಲ್ಲ, ದೊಡ್ಡವರಿಂದ ಕಲಿತದ್ದು. ಆಟ ಬರೀ ಅದಕ್ಕೆ ಬಣ್ಣದ ಹಲಗೆ ಮಾಡಿಕೊಡುತ್ತದೆ.

ಇದನ್ನೆಲ್ಲ ನಾನು ಯೋಚಿಸುತ್ತಿರುವಾಗ ಅಕ್ಕ ಆಡಲು ಕೂತಳು.

ನಮ್ಮಕ್ಕನ ವಿಷಯ ಸ್ವಲ್ಪ ಹೇಳಬೇಕು. ಅವ್ವ ಹಾಸಿಗೆ ಹಿಡಿದ ವರ್ಷ ಅವಳು ಏಳನೆಯ ಇಯತ್ತೆ ಮುಗಿಸಿದ್ದಳು. ಮುಂದೆ ಹೋಗಲಿಲ್ಲ. ನಾವು ಕೆಳಗಿನವರು ನಾಲ್ವರು. ನಾನು ಹೊಸಪೇಟೆಗೆ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಕೋಳಿ ಕೂಗುವ ಮುಂಚೆ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿ, ಬಸ್ಸಿನ ತನಕ ಕಂದೀಲು ಹಿಡಿದು ಬರುತ್ತಿದ್ದವಳು ಅವಳು. ಬಸ್ಸು ಹೊರಟ ಮೇಲೆ ಆ ಕಂದೀಲು ಭತ್ತದ ಗದ್ದೆಯ ಅಂಚಿನಲ್ಲಿ ಊರ ಕಡೆ ವಾಪಸು ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ನಮ್ಮ ಮನೆಯಿಂದ ಓದಿ ಹೊರಬಿದ್ದ ಮೊದಲ ಹುಡುಗಿ ಎಂದು ಊರಲ್ಲಿ ನನ್ನ ಹೆಸರು ಹೇಳುತ್ತಾರೆ. ಸಮಾರಂಭವೊಂದರಲ್ಲಿ ಶಾಲು ಹೊದಿಸಿದಾಗಲೂ ಹಾಗೆಂದೇ ಹೇಳಿದರು. ಅಕ್ಕ ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಿದ್ದಳು.

ಆ ಅಕ್ಕ ಈ ಆಟ ಆಡಿದ ರೀತಿ ನೋಡಬೇಕಿತ್ತು! ಮೊಮ್ಮಗನೆಂದು ಬಿಡಲಿಲ್ಲ, ತಂಗಿಯೆಂದು ಬಿಡಲಿಲ್ಲ. ನಾನು ಬಾಗಿಲಿಗೆ ಎರಡು ಹೆಜ್ಜೆ ಇರುವಾಗ ಗೋಡೆ ತಂದು ನನ್ನ ಮೂಗಿನ ಮುಂದೆ ನಿಲ್ಲಿಸಿದಳು. ಹುಡುಗನ ಮೇಲೆ ರಾಕ್ಷಸನನ್ನು ಬಿಟ್ಟಳು. ಅವನು ಅಳುಮುಖ ಮಾಡಿದರೂ ಕರಗಲಿಲ್ಲ. ತನ್ನ ವೀರನನ್ನು ಹೊರಗೆ ಹಾಯಿಸಿ ಎರಡೂ ಕೈ ಮೇಲೆತ್ತಿ ನಕ್ಕಳು. ಚೌಕಾಬಾರದ ಬಂಡೆಯ ಮುಂದೆ ಅವ್ವ ನಗುತ್ತಿದ್ದ ನಗು ಅದೇ.

“ಏನವ್ವ, ಸ್ವಂತ ತಂಗಿಗೂ ದಾರಿ ಬಿಡಲಿಲ್ಲಲ್ಲ” ಎಂದೆ.

“ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು ಸಾಕಾಗೈತಿ. ಆಟದಾಗಾದ್ರೂ ನಾ ಮುಂದ ಹೋಗ್ತೀನಿ, ಸುಮ್ಕಿರು” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ದಾಳವನ್ನು ಹುಡುಗನ ಕೈಗೆ ಕೊಡುತ್ತ, ಅಕ್ಕಿ ಆರಿಸುವಾಗ ಮಾತಾಡುವ ದನಿಯಲ್ಲೇ ಹೇಳಿದಳು.

ಪೈಪೋಟಿ ಕೆಟ್ಟದ್ದು, ಕೂಡಿ ನಡೆಯುವುದು ಒಳ್ಳೆಯದು ಎಂದು ನಾನು ಬರೆಯಬಹುದಿತ್ತು. ಶಾಲೆಯ ಭಾಷಣದಲ್ಲಿ ಅದನ್ನೇ ಹೇಳುತ್ತಿದ್ದೆ, ಇಂದಿಗೂ ಅದು ನಿಜವೆಂದೇ ತಿಳಿಯುತ್ತೇನೆ. ಆದರೆ ಆ ಮಾತನ್ನು ಯಾರಿಗೆ ಹೇಳುತ್ತಿದ್ದೇವೆ ಎಂಬುದನ್ನೂ ನೋಡಬೇಕು. ಕೂಡಿ ನಡೆಯಿರಿ ಎಂಬ ಉಪದೇಶ, ಯಾವಾಗಲೂ ದಾರದ ತುದಿ ಹಿಡಿದು ಬಾಗಿಲಲ್ಲಿ ನಿಂತವರ ಕಿವಿಗೇ ಹೆಚ್ಚಾಗಿ ಬೀಳುತ್ತದೆ. ಒಳಗೆ ಓಡಾಡಿ ಹೊರಬಂದು ಹಡಗು ಹತ್ತಿದವನಿಗೆ ಅದನ್ನು ಹೇಳಲು ಹೋದರೆ ಅವನು ಆಗಲೇ ದೂರ ಹೋಗಿರುತ್ತಾನೆ. ಅರಿಯಾಡ್ನೆಗೆ ಒಮ್ಮೆಯಾದರೂ ಯಾರಾದರೂ ದಾಳ ಕೊಟ್ಟಿದ್ದರೆ ಅವಳು ಹೇಗೆ ಆಡುತ್ತಿದ್ದಳೋ! ಅವಳಿಗೂ ಎರಡು ಗೋಡೆ ಎತ್ತಿಡುವ ಹಕ್ಕಿತ್ತು. ಆ ಮನೆ ಅವಳಪ್ಪನದೇ, ಒಳಗಿದ್ದದ್ದು ಅವಳ ತಾಯಿಯ ಮಗನೇ.

ರಾತ್ರಿ ಊಟಕ್ಕೆ ಬಡಿಸುವಾಗ ನಾನು ಅಕ್ಕನಿಗೆ ದ್ರೋಣಪರ್ವದ ವಿಷಯ ಹೇಳಿದೆ, ಸುಭದ್ರೆಯ ನಿದ್ದೆ ವ್ಯಾಸರ ಭಾರತದಲ್ಲಿ ಇಲ್ಲ ಎಂದು. ಅವಳು ಸಾರಿನ ಸೌಟು ಹಿಡಿದು ಸ್ವಲ್ಪ ಹೊತ್ತು ನಿಂತಳು.

“ಹಂಗಾದ್ರ ಆಕಿ ಮ್ಯಾಲೆ ಹಾಕಿದವರು ಯಾರು?”

ಕಥೆ ಬಾಯಿಂದ ಬಾಯಿಗೆ ಬಂದದ್ದು, ಯಾರೆಂದು ಹೇಳುವುದು ಎಂದೆ. ಅವಳು ಹುಡುಗನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ರಜೆ ಮುಗಿಸಿ ಅವನು ಹೊರಟಾಗ ಡಬ್ಬಿಯನ್ನು ಚೀಲದಿಂದ ತೆಗೆದು ಗೂಡಿನಲ್ಲಿಟ್ಟುಕೊಂಡಳು, “ಇದು ಇಲ್ಲೇ ಇರ್ಲೆಪ್ಪ, ಮಧ್ಯಾಹ್ನ ಓಣ್ಯಾಗಿನ ಹೆಣ್ಮಕ್ಕಳು ಬರ್ತಾರ” ಎಂದು. ಈಗ ಚೌಕಾಬಾರದ ಬಂಡೆಯ ಮೇಲೆಯೇ ಆ ಹಲಗೆ ಹಾಸುತ್ತಾರಂತೆ. ಒಬ್ಬ ವೀರ ಎಲ್ಲೋ ಕಳೆದುಹೋಗಿದ್ದಾನೆ. ಅವನ ಬದಲು ಒಂದು ಹಸಿರು ಬಳೆಚೂರು ಇಟ್ಟುಕೊಂಡಿದ್ದಾರೆ.