ದೇವತೆಗಳು ಬರಿಯ ಸಂಕೇತಗಳೇ?

ಗಣೇಶ ಚತುರ್ಥಿ, ನವರಾತ್ರಿಗಳು ಸಮೀಪಿಸಿದಂತೆ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಒಂದು ಬಗೆಯ ವಿವರಣೆ ಪ್ರತಿವರ್ಷವೂ ಕೇಳಿಬರುತ್ತದೆ. ಗಣಪತಿಯ ದೊಡ್ಡ ಕಿವಿಗಳೆಂದರೆ ಹೆಚ್ಚು ಆಲಿಸಬೇಕೆಂಬ ಪಾಠ, ಚಿಕ್ಕ ಕಣ್ಣುಗಳೆಂದರೆ ಏಕಾಗ್ರತೆ, ಇಲಿಯೆಂದರೆ ಆಸೆ. ದುರ್ಗೆಯೆಂದರೆ ನಮ್ಮೊಳಗಿನ ಶಕ್ತಿ, ಮಹಿಷನೆಂದರೆ ನಮ್ಮೊಳಗಿನ ಜಡತೆ. ಕೇಳಲು ಇಂಪಾದ ಮಾತುಗಳು. ಮಕ್ಕಳಿಗೆ ಹಬ್ಬದ ಅರ್ಥವನ್ನು ಹೇಳಬೇಕಾಗಿ ಬಂದಾಗ ನಮ್ಮ ಮನೆಗಳ ತಂದೆತಾಯಂದಿರೂ ಈಗ ಇದನ್ನೇ ಹೇಳುತ್ತಿದ್ದಾರೆ. ಆದರೆ ಹತ್ತು ಹನ್ನೆರಡು ವರ್ಷದ ಯಾವ ಜಾಣ ಹುಡುಗನೂ ಮುಂದಿನ ಪ್ರಶ್ನೆಯನ್ನು ಕೇಳದೆ ಬಿಡಲಾರ: “ಏಕಾಗ್ರತೆಯೇ ಅರ್ಥವಾದರೆ ಅದನ್ನು ಅಭ್ಯಾಸ ಮಾಡಿದರಾಯಿತು; ಗರಿಕೆ ಏರಿಸುವುದು ಯಾರಿಗೆ?”

ಈ ಪ್ರಶ್ನೆ ಉದ್ಧಟತನದ್ದಲ್ಲ, ನ್ಯಾಯವಾದದ್ದೇ. ಊರು ಸೇರಿದವನು ದಾರಿಯ ಕೈಮರವನ್ನು ನೆನೆಯುವುದಿಲ್ಲ. ಅರ್ಥ ತಿಳಿದ ಮೇಲೆ ಸಂಕೇತದ ಕೆಲಸ ಮುಗಿಯಿತು. ದೇವತೆಗಳನ್ನು ಸಂಕೇತಗಳೆಂದು ವಿವರಿಸಿದವರು, ತಮಗರಿವಿಲ್ಲದೆಯೇ, ಅವರನ್ನು ಮನೆಯಿಂದ ಬೀಳ್ಕೊಡುವ ಸಿದ್ಧತೆ ಮಾಡಿದಂತಾಗುತ್ತದೆ.

ದೇವತೆಯೆಂಬ ಚೇತನವೇ ಇಲ್ಲವೆಂಬ ವಾದವು ಈ ಕಾಲದ ವಿದ್ಯಾವಂತರ ಹೊಸ ಶೋಧನೆಯೆಂದು ತಿಳಿಯಬೇಕಾಗಿಲ್ಲ. ಕರ್ಮಮೀಮಾಂಸಕರು ಅದನ್ನು ಬಹು ಹಿಂದೆಯೇ, ಇನ್ನೂ ಕಟ್ಟುನಿಟ್ಟಾಗಿ ಹೇಳಿದ್ದರು. ದೇವತೆಗೆ ಶರೀರವಿಲ್ಲ, ಹವಿಸ್ಸನ್ನು ಉಣ್ಣುವುದಿಲ್ಲ, ತೃಪ್ತಿಗೊಂಡು ವರ ಕೊಡುವುದೂ ಇಲ್ಲ. ಫಲವೆಲ್ಲ ಕರ್ಮದಿಂದಲೇ ಎಂಬುದು ಅವರ ಪಕ್ಷ. ಬ್ರಹ್ಮಸೂತ್ರಗಳ ಪ್ರಥಮಾಧ್ಯಾಯದ ತೃತೀಯ ಪಾದದಲ್ಲಿರುವ ದೇವತಾಧಿಕರಣದಲ್ಲಿ ಶ್ರೀವೇದವ್ಯಾಸದೇವರು, ದೇವತೆಗಳಿಗೂ ಬ್ರಹ್ಮವಿದ್ಯೆಯಲ್ಲಿ ಅಧಿಕಾರವುಂಟೆಂದು ನಿರ್ಣಯಿಸಿದ್ದಾರೆ. ಅಧಿಕಾರವಿರಬೇಕಾದರೆ ಅವರು ಚೇತನರಾಗಿರಬೇಕು, ತಿಳಿಯಬಲ್ಲವರಾಗಿರಬೇಕು. ನಮಗಿಂತ ಎಷ್ಟೋ ಮೇಲಿನ ಕಕ್ಷ್ಯೆಯವರಾದರೂ ಅವರೂ ಶ್ರೀಹರಿಯನ್ನು ಉಪಾಸಿಸುವ ಜೀವರೇ. (ಮಹಾಲಕ್ಷ್ಮೀದೇವಿಯರ ಮಾತು ಬೇರೆ, ನಿತ್ಯಮುಕ್ತರಾದ ಅವರು ಜೀವರ ಸಾಲಿಗೆ ಸೇರಿದವರಲ್ಲ.)

ಹಾಗಾದರೆ ದೇವತೆಗಳಿಗೆ ಆಧ್ಯಾತ್ಮಿಕವಾದ ಅರ್ಥವೇ ಇಲ್ಲವೆ? ಅವಶ್ಯವಾಗಿ ಉಂಟು. ಆದರೆ ಉಪನಿಷತ್ತುಗಳಲ್ಲಿ ಅಧ್ಯಾತ್ಮವೆಂದರೆ ದೇಹದೊಳಗಿನ ವಿಷಯ. ಅಗ್ನಿಯು ವಾಕ್ಕಾಗಿ ಬಾಯನ್ನೂ, ಸೂರ್ಯನು ದೃಷ್ಟಿಯಾಗಿ ಕಣ್ಣನ್ನೂ, ದಿಕ್ಕುಗಳು ಶ್ರವಣವಾಗಿ ಕಿವಿಯನ್ನೂ ಪ್ರವೇಶಿಸಿದ ಕ್ರಮವನ್ನು ಐತರೇಯೋಪನಿಷತ್ತು ಹೇಳುತ್ತದೆ. ಸೂರ್ಯನೆಂಬುದು ಕಣ್ಣಿಗಿಟ್ಟ ಇನ್ನೊಂದು ಹೆಸರು ಎಂಬುದು ಇದರ ತಾತ್ಪರ್ಯವಲ್ಲ. ಕಣ್ಣಿನಲ್ಲಿ ನಿಂತು ಅದನ್ನು ನಡೆಸುವವನು ಸೂರ್ಯ. ಮನೆಯನ್ನು ಒಡೆಯನ ಹೆಸರಿನಿಂದ ಕರೆದ ಮಾತ್ರಕ್ಕೆ ಒಡೆಯನೇ ಇಲ್ಲವೆಂದಾಗುವುದಿಲ್ಲವಷ್ಟೆ. ಇವರನ್ನೇ ನಾವು ತತ್ತ್ವಾಭಿಮಾನಿ ದೇವತೆಗಳೆನ್ನುವುದು. ಮನಸ್ಸಿಗೆ ರುದ್ರದೇವರು, ಆಕಾಶಕ್ಕೆ ಗಣಪತಿ, ಸತ್ತ್ವ ರಜಸ್ಸು ತಮಸ್ಸುಗಳಿಗೆ ಶ್ರೀ, ಭೂ, ದುರ್ಗಾ ರೂಪಗಳಿಂದ ಸಾಕ್ಷಾತ್ ಲಕ್ಷ್ಮೀದೇವಿಯರು. ಜಗನ್ನಾಥದಾಸರ ಹರಿಕಥಾಮೃತಸಾರವನ್ನು ಪಾರಾಯಣ ಮಾಡುವ ಮನೆಗಳ ಹೆಂಗಸರು ಈ ವಿಷಯವನ್ನು ನಮ್ಮಂಥ ಪದವೀಧರರಿಗಿಂತ ಚೆನ್ನಾಗಿ ಬಲ್ಲರು.

ಇಲ್ಲಿ ಗಂಭೀರವಾದ ಸಂದೇಹವೊಂದು ಏಳುತ್ತದೆ. ಕಣ್ಣನ್ನು ನಡೆಸುವವನು ಸೂರ್ಯನಾದರೆ ನೋಡಬಾರದುದನ್ನು ನೋಡಿದ ಪಾಪ ಯಾರದು? ವಾಕ್ಕಿಗೆ ಅಗ್ನಿಯು ಅಭಿಮಾನಿಯಾದರೆ ನಾನಾಡಿದ ಸುಳ್ಳಿಗೆ ನಾನೇಕೆ ಹೊಣೆ? ಇದು ಪಂಡಿತರ ಗೋಷ್ಠಿಗಷ್ಟೇ ಮೀಸಲಾದ ಶಂಕೆಯಲ್ಲ. ಲಾಭ ಬಂದಾಗ ‘ನಾನು ದುಡಿದೆ’ ಎನ್ನುವವರು, ತಪ್ಪು ಬಯಲಾದಾಗ ‘ಎಲ್ಲವೂ ದೇವರು ಮಾಡಿಸಿದ್ದು’ ಎನ್ನುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸೂತ್ರಕಾರರು ಜೀವನನ್ನು ಕರ್ತೃವೆಂದೇ ಸಾಧಿಸುತ್ತಾರೆ. ಇಲ್ಲವಾದರೆ ‘ಇದನ್ನು ಮಾಡು, ಇದನ್ನು ಬಿಡು’ ಎನ್ನುವ ಶಾಸ್ತ್ರವೇ ವ್ಯರ್ಥವಾದೀತು. ಆದರೆ ಆ ಕರ್ತೃತ್ವ ಸ್ವತಂತ್ರವಲ್ಲ. ಅಲ್ಲಿ ಬರುವ ಬಡಗಿಯ ದೃಷ್ಟಾಂತವನ್ನು ಶ್ರೀಮದಾಚಾರ್ಯರು ವಿವರಿಸಿರುವ ರೀತಿ ಬಹು ಸೊಗಸಾದುದು. ಬಡಗಿಯು ಕೆಲಸ ಮಾಡಿಸುವವನ ಅಧೀನ. ಆದರೂ ಕೆಲಸದ ಕರ್ತೃ ಅವನೇ. ಬಾಗಿಲು ಸೊಟ್ಟಗಾದರೆ ‘ಮನೆ ಕಟ್ಟಿಸುತ್ತಿರುವವರು ನೀವಲ್ಲವೆ’ ಎಂದು ಅವನು ಯಜಮಾನನತ್ತ ಕೈತೋರಿಸುವಂತಿಲ್ಲ. ಭಗವಂತನು ಜೀವನ ಯೋಗ್ಯತೆ, ಅನಾದಿಕರ್ಮ, ಪ್ರಯತ್ನಗಳನ್ನು ಅನುಸರಿಸಿಯೇ ಪ್ರೇರಿಸುತ್ತಾನೆ. ಇಂದ್ರಿಯಗಳಲ್ಲಿರುವ ದೇವತೆಗಳನ್ನು ಪಾಪವು ಮುಟ್ಟುವುದಿಲ್ಲವೆಂದು ಬೃಹದಾರಣ್ಯಕವೂ ಸ್ಪಷ್ಟಪಡಿಸಿದೆ. ಆದುದರಿಂದ ಸುಳ್ಳಿನ ಹೊಣೆ ಆಡಿದವನದೇ. ಅಷ್ಟೇ ಅಲ್ಲ, ಆತನು ಅಗ್ನಿದೇವನ ಸನ್ನಿಧಿಯಲ್ಲಿ, ಆತನಿತ್ತ ವಾಕ್ಕಿನಿಂದಲೇ ಸುಳ್ಳನ್ನಾಡಿದಂತಾಯಿತು. ಸಂಕೇತದ ಮುಂದೆ ಯಾರಿಗೂ ನಾಚಿಕೆಯಾಗದು. ಮನೆಯಲ್ಲಿ ಹಿರಿಯರೊಬ್ಬರು ಕುಳಿತಿದ್ದಾರೆಂದು ತಿಳಿದಾಗ ಮಾತಿನ ಧಾಟಿಯೇ ಬದಲಾಗುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಉಂಟು. ಹಣಕ್ಕೊಬ್ಬರು, ವಿದ್ಯೆಗೊಬ್ಬರು, ಕೋರ್ಟಿನ ವ್ಯಾಜ್ಯಕ್ಕೊಬ್ಬರು ಎಂದು ದೇವತೆಗಳನ್ನು ಬೇರೆ ಬೇರೆ ಕಚೇರಿಗಳ ಅಧಿಕಾರಿಗಳಂತೆ ಕಾಣುವುದು. ಗೆಲುವಿನಿಂದ ಬೀಗಿದ ದೇವತೆಗಳ ಮುಂದೆ ಯಕ್ಷರೂಪದಿಂದ ತೋರಿದ ಪರಬ್ರಹ್ಮನು ಹುಲ್ಲುಕಡ್ಡಿಯೊಂದನ್ನಿಟ್ಟಾಗ ಅಗ್ನಿಯಿಂದ ಅದನ್ನು ಸುಡಲಾಗಲಿಲ್ಲವೆಂಬ ತಲವಕಾರೋಪನಿಷತ್ತಿನ ಕಥೆಯನ್ನು ಇಂಥವರು ಕೇಳಬೇಕು. ಗೆಲುವು ಯಾರದೆಂಬುದನ್ನು ಅಲ್ಲಿ ಇಂದ್ರನಿಗೆ ತಿಳಿಸಿದವಳು ಉಮಾದೇವಿ.

ಈ ಎರಡೂ ತಪ್ಪುಗಳಿಗೆ ಎಡೆಗೊಡದಂತೆ ನಮ್ಮ ಹಿರಿಯರು ಸಂಕಲ್ಪವನ್ನು ರೂಪಿಸಿದ್ದಾರೆ. ಗಣಪತ್ಯಂತರ್ಗತ, ಭಾರತೀರಮಣ ಮುಖ್ಯಪ್ರಾಣಾಂತರ್ಗತ, ಶ್ರೀವಿಶ್ವಂಭರಮೂರ್ತಿ ಎಂಬುದು ಪುರೋಹಿತರ ಬಾಯಲ್ಲಿ ಒಂದೇ ಉಸಿರಿಗೆ ಬಂದುಬಿಡುವುದರಿಂದ ಅನೇಕರಿಗೆ ಒಂದೇ ಶಬ್ದದಂತೆ ಕೇಳಿಸುತ್ತದೆ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಗರಿಕೆ ಏರುವುದು ಗಣಪತಿಗೇ. ಆತನೊಳಗೆ ಮುಖ್ಯಪ್ರಾಣದೇವರು, ಅವರೊಳಗೆ ಶ್ರೀಹರಿ. ಇಲ್ಲಿ ಯಾರೂ ಯಾರಿಗೂ ಬರಿಯ ಹೆಸರಲ್ಲ, ಒಬ್ಬರನ್ನು ಅಳಿಸಿ ಇನ್ನೊಬ್ಬರನ್ನು ಕಾಣಬೇಕಾಗಿಯೂ ಇಲ್ಲ. ಅಡುಗೆಮನೆಯಲ್ಲಿ ಮಡಿಯಿಂದ ಮಾಡಿದ ಕಡುಬು ಮೊದಲು ಶ್ರೀಹರಿಗೆ ನಿವೇದಿತವಾಗಿ, ಅನಂತರ ಅದೇ ಪ್ರಸಾದವು ಗಣಪತಿಗೆ ಸಲ್ಲುವುದೂ ಈ ಕ್ರಮದಿಂದಲೇ.